ತಾತನ ಅರ್ಧ ರೀಲು: 1974ಕ್ಕೇ ಅವಧಿ ಮುಗಿದ ಕೋಡಾಕ್ರೋಮ್ ಮನೆಯಲ್ಲೇ ತೊಳೆದ ಅನುಭವ

ಹಳೇ ಮನೆಗಳ ಬೀರುವಿನಲ್ಲಿ, ಅಟ್ಟದ ಮೇಲಿನ ಟ್ರಂಕಿನಲ್ಲಿ 8 ಎಂಎಂ ಸಿನಿಮಾ ಕ್ಯಾಮೆರಾ ಇನ್ನೂ ಎಷ್ಟೋ ಇರಬೇಕು. ಕೆಲವದರ ಹೊಟ್ಟೆಯಲ್ಲಿ ತೊಳೆಸದ, ಅಂದರೆ ಡೆವಲಪ್ ಮಾಡಿಸದ, ರೀಲು ಹಾಗೇ ಉಳಿದಿರುತ್ತದೆ. ನಮ್ಮ ಮನೆಯಲ್ಲೂ ಒಂದಿತ್ತು. ಅದರಲ್ಲಿ ಏನಿದೆ ಅಂತ ತಿಳಿಯಲು ಹೊರಟಾಗ ಎಲ್ಲಿ ಕೇಳಿದರೂ ಅರ್ಧಂಬರ್ಧ ಉತ್ತರ. ಈಗ ಕೆಲಸ ಮುಗಿದಿದೆ. ಎಲ್ಲೆಲ್ಲಿ ಸಿಕ್ಕಿಕೊಂಡೆ, ಎಷ್ಟು ಖರ್ಚಾಯಿತು, ಮುಂದೆ ಮಾಡುವವರು ಏನು ನೋಡಿಕೊಳ್ಳಬೇಕು ಅನ್ನೋದೆಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಕ್ಯಾಮೆರಾ ಬೋಲೆಕ್ಸ್ ಬಿ8. ಸ್ವಿಟ್ಜರ್ಲೆಂಡಿನದು, ಕೀಲಿ ಕೊಟ್ಟು ಓಡಿಸುವಂಥದ್ದು, ಬ್ಯಾಟರಿ ಇಲ್ಲ. 1972ರಲ್ಲಿ ಅಮೆರಿಕದಿಂದ ರಜೆಗೆ ಬಂದ ನಮ್ಮ ಸೋದರಮಾವ ಇದನ್ನು ತಾತನ ಕೈಗೆ ಕೊಟ್ಟು ಹೋಗಿದ್ದರು. ಜೊತೆಗೆ ಕೊಡಾಕ್ ಕಂಪನಿಯ ಕಲರ್ ಫಿಲ್ಮು, ಕೋಡಾಕ್ರೋಮ್ 2, ಎರಡು ರೀಲು. ತಾತ ಶ್ರೀರಂಗಪಟ್ಟಣದ ಮನೆಯಲ್ಲಿ ಒಂದನ್ನು ಹಾಕಿ ಅರ್ಧ ಮುಗಿಸಿದ್ದಾರೆ. ಮುಂದಿನ ಸಲ ಮಾವ ಊರಿಗೆ ಬರುವ ಹೊತ್ತಿಗೆ ತಾತ ಇರಲಿಲ್ಲ. ಕ್ಯಾಮೆರಾ ಹಾಗೇ ಬೀರು ಸೇರಿತು. ಹೋದ ವರ್ಷ ಮೈಸೂರಿನ ಮನೆ ಖಾಲಿ ಮಾಡುವಾಗ ನನ್ನ ಕೈಗೆ ಬಂತು. ಪಕ್ಕದಲ್ಲೇ ಒಡೆಯದ ಹಳದಿ ಡಬ್ಬಿ. ಅದರ ಮೇಲೆ ಮಾರ್ಚ್ 1974ರೊಳಗೆ ತೊಳೆಸಿ ಅಂತ ಮುದ್ರೆ.

'ಅರ್ಧ ರೀಲು' ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಡಬಲ್ 8 ಅನ್ನೋ ಈ ಫಿಲ್ಮಿನ ಅಗಲ 16 ಎಂಎಂ. ಮೊದಲ ಸಲ ಓಡಿದಾಗ ಅಗಲದ ಅರ್ಧ ಭಾಗದಲ್ಲಿ ಮಾತ್ರ ಚಿತ್ರ ಬೀಳುತ್ತದೆ. 25 ಅಡಿ ಮುಗಿದ ಮೇಲೆ ರೀಲನ್ನು ತೆಗೆದು, ಮಗುಚಿ, ಮತ್ತೆ ಹಾಕಬೇಕು. ಆಗ ಉಳಿದ ಅರ್ಧದಲ್ಲಿ ಚಿತ್ರ ಬೀಳುತ್ತದೆ. ತೊಳೆದ ಮೇಲೆ ಲ್ಯಾಬಿನವರು ಉದ್ದಕ್ಕೆ ಸೀಳಿ, ಎರಡು ಪಟ್ಟಿ ಜೋಡಿಸಿ, 50 ಅಡಿಯ ಒಂದು ರೀಲು ಮಾಡಿ ಕೊಡುತ್ತಿದ್ದರು. ಸೆಕೆಂಡಿಗೆ 16 ಫ್ರೇಮ್ ವೇಗದಲ್ಲಿ ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಓಡುತ್ತದೆ. ನಮ್ಮ ತಾತ ಮೊದಲ ಬದಿ ಮುಗಿಸಿದ್ದರು, ಮಗುಚಿರಲಿಲ್ಲ. ಅಂದರೆ ಒಂದೇ ಫಿಲ್ಮಿನ ಒಂದು ಬದಿಯಲ್ಲಿ 1972ರ ಚಿತ್ರ, ಇನ್ನೊಂದು ಬದಿ ಖಾಲಿ.

1965ರಿಂದ ಬಂದ ಸೂಪರ್ 8ಕ್ಕೆ ಈ ಮಗುಚುವ ಕೆಲಸ ಇಲ್ಲ. ಅದು ಪ್ಲಾಸ್ಟಿಕ್ ಕಾರ್ಟ್ರಿಜ್, ಒಮ್ಮೆ ಓಡಿದರೆ ಮುಗಿಯಿತು. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ.

ಮೊದಲು ಲ್ಯಾಬುಗಳನ್ನೇ ವಿಚಾರಿಸಿದೆ. ನಮ್ಮ ಕಡೆಯ ಸಿನಿಮಾ ಲ್ಯಾಬುಗಳು ಡಿಜಿಟಲ್ ಬಂದ ಮೇಲೆ ಒಂದೊಂದಾಗಿ ಫಿಲ್ಮ್ ತೊಳೆಯೋದು ನಿಲ್ಲಿಸಿವೆ. ಇನ್ನೂ ಸ್ಟಿಲ್ ಫಿಲ್ಮ್ ತೊಳೆಯುವ ಒಂದು ಕಡೆ ಫೋನಿನಲ್ಲಿ "ತಂದುಕೊಡಿ ಮೇಡಂ, ಮಾಡೋಣ" ಅಂದರು. ಫಿಲ್ಮಿನ ಹೆಸರು ಹೇಳಿದ ಕೂಡಲೇ "ಅಯ್ಯೋ ಅದು ಬೇಡ, ನಮ್ಮ ಮೆಷಿನ್ ಹಾಳಾಗುತ್ತೆ" ಅಂದರು. ಅವರ ಮಾತು ಸರಿಯೇ. ಕೋಡಾಕ್ರೋಮ್‌ನ ಹಿಂಬದಿಗೆ ರೆಮ್‌ಜೆಟ್ ಅನ್ನೋ ಕಪ್ಪು ಇಂಗಾಲದ ಲೇಪ ಇರುತ್ತದೆ. ಅದು ಮಾಮೂಲಿ ಮೆಷಿನ್ನಿನೊಳಗೆ ಬಿಟ್ಟುಕೊಂಡರೆ ಬೇರೆಯವರ ಫಿಲ್ಮುಗಳಿಗೂ ಮಸಿ ಅಂಟುತ್ತದೆ.

ಬಣ್ಣದ ಆಸೆಯನ್ನೂ ಅಲ್ಲೇ ಬಿಡಬೇಕಾಯಿತು. ಬೇರೆ ಕಲರ್ ಫಿಲ್ಮುಗಳಲ್ಲಿ ಬಣ್ಣ ಹುಟ್ಟಿಸುವ ರಾಸಾಯನಿಕ ಫಿಲ್ಮಿನ ಒಳಗೇ ಇರುತ್ತದೆ. ಕೋಡಾಕ್ರೋಮ್‌ನಲ್ಲಿ ಇರುವುದಿಲ್ಲ. ತೊಳೆಯುವಾಗ ಮೂರು ಬಣ್ಣವನ್ನೂ ಒಂದೊಂದಾಗಿ ಹೊರಗಿನಿಂದ ಸೇರಿಸಬೇಕು. 1935ರಲ್ಲಿ ಬಂದ ಈ ಫಿಲ್ಮನ್ನು ಕಂಡುಹಿಡಿದ ಲಿಯೋಪೋಲ್ಡ್ ಮ್ಯಾನ್ಸ್, ಲಿಯೋಪೋಲ್ಡ್ ಗಾಡೋವ್‌ಸ್ಕಿ ಇಬ್ಬರೂ ಸಂಗೀತಗಾರರು ಅಂತ ಓದಿ ಖುಷಿಯಾಯಿತು. ಆದರೆ ಅವರ ಈ ವಿಧಾನಕ್ಕೆ ಬೇಕಾದ ಸಾಮಾನು ಈಗ ಮಾರಾಟಕ್ಕೆ ಸಿಗೋದಿಲ್ಲ. ಕೋಡಾಕ್ರೋಮ್ ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದ ಕಾನ್ಸಾಸ್‌ನಲ್ಲಿತ್ತು. 2010ರ ಡಿಸೆಂಬರ್ ಕೊನೆಗೆ ಅವರೂ ರೀಲು ತೆಗೆದುಕೊಳ್ಳೋದು ನಿಲ್ಲಿಸಿದರು. ನಮ್ಮದಂತೂ ಅದಕ್ಕೂ ಹಿಂದಿನ ಕೆ-12 ವಿಧಾನದ ಫಿಲ್ಮು. 1974ರಲ್ಲೇ ಕೆ-14 ಬಂದು ಕೆ-12 ಹಳತಾಯಿತು. ಹಾಗಾಗಿ ಬಣ್ಣ ತರಿಸಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಪ್ಪುಬಿಳುಪಾಗಿ ಮಾತ್ರ ತೊಳೆಯಬಹುದು. ಅದು ಮಾತ್ರ ಖಂಡಿತ ಆಗುತ್ತದೆ.

ಹಳೇ ಫಿಲ್ಮುಗಳನ್ನೇ ತೊಳೆಯುವ ಫಿಲ್ಮ್ ರೆಸ್ಕ್ಯೂ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ ಕೆನಡಾದಲ್ಲಿದೆ. ಒಂದೇ ಥರದ ಫಿಲ್ಮು ಒಂದಷ್ಟು ಸೇರಿದ ಮೇಲೆ ಒಟ್ಟಿಗೆ ತೊಳೆಯುತ್ತಾರೆ. ಕೆಲಸದಲ್ಲಿ ಕೈ ಪಳಗಿದವರು. ಸಮಯವಿಲ್ಲದವರು, ಕತ್ತಲಲ್ಲಿ ಕೆಲಸ ಮಾಡಲು ಧೈರ್ಯವಿಲ್ಲದವರು ಅಂಥ ಕಡೆ ಕಳಿಸೋದೇ ಒಳ್ಳೆಯದು. ನನ್ನನ್ನು ತಡೆದದ್ದು ಎಕ್ಸ್‌ರೇ. ತೊಳೆಯದ ಫಿಲ್ಮು ವಿಮಾನದ ಪಾರ್ಸೆಲ್‌ನಲ್ಲಿ ಹೋದರೆ ಸ್ಕ್ಯಾನರ್‌ನಿಂದ ಇನ್ನಷ್ಟು ಮಸುಕಾಗಬಹುದು. ಈಗಾಗಲೇ ಐವತ್ತು ವರ್ಷ ಮುದಿಯಾದ ಫಿಲ್ಮು ಅದು. ಅದಲ್ಲದೆ, ದಾರಿಯಲ್ಲಿ ಪಾರ್ಸೆಲ್ ಕಳೆದುಹೋದರೆ? ಆ ಯೋಚನೆಗೇ ಅಮ್ಮನಿಗೆ ನಿದ್ದೆ ಬರಲಿಲ್ಲ. ಮನೆಯಲ್ಲೇ ತೊಳೆಯೋಣ ಅಂತ ತೀರ್ಮಾನಿಸಿದೆವು.

ಕ್ಯಾಮೆರಾದಿಂದ ಫಿಲ್ಮ್ ತೆಗೆಯೋದು ಮೊದಲ ಕೆಲಸ. ಇದಕ್ಕೆ ಚೇಂಜಿಂಗ್ ಬ್ಯಾಗ್ ಅಂತ ಸಿಗುತ್ತದೆ. ಬೆಳಕು ನುಗ್ಗದ ಕಪ್ಪು ಚೀಲ, ಕೈ ತೂರಿಸಲು ಎರಡು ತೋಳು. ಮಾಮೂಲಿಯಾಗಿ ಡಬಲ್ 8 ರೀಲನ್ನು ನೆರಳಿನಲ್ಲಿ ತೆಗೆದು ಹಾಕಬಹುದು. ಹೊರಗಿನ ಕೆಲವು ಅಡಿ ಬೆಳಕಿಗೆ ಸುಡುತ್ತದೆ ಅಂತಲೇ ಕೊಡಾಕ್‌ನವರು ಆ ಕಡೆ ಈ ಕಡೆ ಹೆಚ್ಚುವರಿ ಫಿಲ್ಮು ಬಿಟ್ಟಿರುತ್ತಾರೆ. ಆದರೆ ಇಲ್ಲಿ ಒಂದು ಅಡಿಯನ್ನೂ ಕಳೆದುಕೊಳ್ಳುವ ಮನಸ್ಸಿರಲಿಲ್ಲ. ಚೀಲದೊಳಗೇ ತೆಗೆದು, ಮೂಸಿ ನೋಡಿದೆ. ವಿನೆಗರ್ ವಾಸನೆ ಬಂದರೆ ಫಿಲ್ಮಿನ ಪಟ್ಟಿಯ ಪ್ಲಾಸ್ಟಿಕ್ (ಅಸಿಟೇಟ್) ಕೊಳೆಯುತ್ತಿದೆ ಅಂತ ಅರ್ಥ, ಆಗ ಕುಗ್ಗಿ ಸೊಟ್ಟಗಾಗಿರುತ್ತದೆ. ನಮ್ಮದರಲ್ಲಿ ಆ ವಾಸನೆ ಇರಲಿಲ್ಲ. ಕಪ್ಪು ಡಬ್ಬಿಯಲ್ಲಿಟ್ಟು, ಟೇಪ್ ಸುತ್ತಿ, 'ತೆಗೆಯಬೇಡಿ' ಅಂತ ದೊಡ್ಡದಾಗಿ ಬರೆದು ಇಟ್ಟೆ.

ಕ್ಯಾಮೆರಾ ಖಾಲಿಯಾದ ಮೇಲೆಯೇ ರಿಪೇರಿಗೆ ಕೊಡಬೇಕು. ಕೀಲಿ ತಿರುಗುತ್ತಿತ್ತು, ಆದರೆ ಒಳಗಿನ ಎಣ್ಣೆ ಗಟ್ಟಿಯಾಗಿತ್ತು. ವೇಗ ಸರಿಯಿದೆಯೇ ನೋಡಲು ಒಂದು ಸುಲಭ ಉಪಾಯ ಇದೆ. ಲೆನ್ಸ್ ಬಿಚ್ಚಿ, ಒಳಗೆ ಕಾಣುವ ಷಟರ್‌ನ ವಿಡಿಯೋವನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಫೋನು ಸೆಕೆಂಡಿಗೆ 240 ಫ್ರೇಮ್ ತೆಗೆದರೆ, 16ರ ವೇಗದಲ್ಲಿ ಓಡುವ ಷಟರ್ ಪ್ರತಿ 15 ಫ್ರೇಮ್‌ಗೆ ಒಂದು ಸುತ್ತು ಬರಬೇಕು. ನಮ್ಮದು ಶುರುವಿನಲ್ಲಿ ಸರಿಯಿದ್ದು ಕೊನೆಗೆ ಏದುಸಿರು ಬಿಡುತ್ತಿತ್ತು. ಬೆಂಗಳೂರಿನಲ್ಲಿ ಹಳೇ ಕ್ಯಾಮೆರಾ ರಿಪೇರಿ ಮಾಡುವ ಹಿರಿಯರೊಬ್ಬರು ಬಿಚ್ಚಿ, ಒರೆಸಿ, ಹೊಸ ಎಣ್ಣೆ ಬಿಟ್ಟು ಕೊಟ್ಟರು. ಸುಮಾರು ಮೂರೂವರೆ ಸಾವಿರ ಆಯಿತು. ಸಿಗುವಷ್ಟರಲ್ಲಿ ಮಳೆಗಾಲ ಶುರುವಾಗಿತ್ತು.

ಈಗ ದೊಡ್ಡ ಪ್ರಶ್ನೆ. ತಾತನ ರೀಲಿನ ಖಾಲಿ ಬದಿಯಲ್ಲಿ ನಾವು ಚಿತ್ರ ತೆಗೆಯಬೇಕೇ, ಬೇಡವೇ? ಹಳೇ ಫಿಲ್ಮು ಒಣಗಿ ಬಿರುಸಾಗಿರುತ್ತದೆ. ಕ್ಯಾಮೆರಾದೊಳಗೆ ಹರಿದರೆ ತಾತ ತೆಗೆದದ್ದೂ ಹೋಗುತ್ತದೆ. ನಾನು ಬೇಡ ಅನ್ನುವ ಕಡೆಗೇ ಇದ್ದೆ. ಮಾವನಿಗೆ ಫೋನ್ ಮಾಡಿದೆ. ಅವರಿಗೀಗ ಎಂಬತ್ತು ದಾಟಿದೆ.

"ಅಪ್ಪ ಅರ್ಧಕ್ಕೆ ಬಿಟ್ಟಿದ್ದನ್ನ ಮುಗಿಸೋಕೆ ಯಾರೂ ಇರಲಿಲ್ಲ ಕಣಮ್ಮ. ನೀನು ಮುಗಿಸು" ಅಂದರು.

"ಹರಿದರೆ ಮಾವ?"

"ಇನ್ನೊಂದು ಡಬ್ಬಿ ಇದೆಯಲ್ಲ, ಮೊದಲು ಅದನ್ನ ಓಡಿಸಿ ನೋಡು."

ಆ ಮಾತು ಎಲ್ಲವನ್ನೂ ಸರಿಮಾಡಿತು. ಒಡೆಯದ ಆ ಡಬ್ಬಿಯನ್ನು ಪ್ರಯೋಗಕ್ಕೆ ಅಂತಲೇ ಇಟ್ಟೆವು. ಒಂದೇ ವಯಸ್ಸು, ಒಂದೇ ಬೀರು, ಒಂದೇ ಸೆಖೆ ಕಂಡ ಫಿಲ್ಮು. ಅದು ಹೇಗೆ ನಡೆದುಕೊಳ್ಳುತ್ತದೋ ತಾತನದೂ ಹಾಗೇ ನಡೆದುಕೊಳ್ಳುತ್ತದೆ ಅಂತ ನಂಬಬಹುದು. ನಿಮ್ಮ ಹತ್ತಿರ ಇಂಥ ಜೋಡಿ ರೀಲು ಇಲ್ಲದಿದ್ದರೆ, ಚಿತ್ರ ಬಿದ್ದಿರುವ ಫಿಲ್ಮನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಲೇಬೇಡಿ. ಇದ್ದದ್ದನ್ನು ಹಾಗೇ ತೊಳೆಯಿರಿ.

ಎಷ್ಟು ಬೆಳಕು ಕೊಡಬೇಕು ಅನ್ನೋದಕ್ಕೆ ಫೋಟೋದವರು ಹೇಳುವ ಒಂದು ಲೆಕ್ಕ ಇದೆ: ಅವಧಿ ಮುಗಿದ ಪ್ರತಿ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಜಾಸ್ತಿ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಹಾಗೆ ನೋಡಿದರೆ ಐದು ಸ್ಟಾಪ್. ಆದರೆ ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಾರದು. ಫಿಲ್ಮು ಬೆಳಕಿಗೆ ಎಷ್ಟು ಚುರುಕು ಅನ್ನೋದನ್ನು ಎಎಸ್‌ಎ ಅಂಕಿ ಹೇಳುತ್ತದೆ. ಬೇಗನೆ ಮಸುಕಾಗುವುದು 400 ಎಎಸ್‌ಎಯಂಥ ವೇಗದ ಫಿಲ್ಮುಗಳು. ಕೋಡಾಕ್ರೋಮ್ 2 ಬರೀ 25 ಎಎಸ್‌ಎ. ನಿಧಾನದ ಫಿಲ್ಮು ಮುದಿತನವನ್ನು ಚೆನ್ನಾಗಿ ತಡೆಯುತ್ತದೆ. ಅದಕ್ಕೇ ಪ್ರಯೋಗದ ರೀಲಿನಲ್ಲಿ ಒಂದೇ ದೃಶ್ಯವನ್ನು, ಮನೆಯ ಮುಂದಿನ ಕಾಂಪೌಂಡ್ ಗೋಡೆ ಮತ್ತು ದಾಸವಾಳದ ಗಿಡ, ಬಿಸಿಲಿನಲ್ಲಿ ಲೆನ್ಸಿನ ಕಂಡಿಯನ್ನು ಎಫ್16, 11, 8, 5.6, 4 ಅಂತ ಬದಲಿಸುತ್ತಾ ತೆಗೆದೆ (ಅಂಕಿ ಇಳಿದಷ್ಟೂ ಬೆಳಕು ಜಾಸ್ತಿ). ಪ್ರತಿಯೊಂದಕ್ಕೂ ಮೊದಲು ಅಂಕಿ ಬರೆದ ಹಾಳೆ ಹಿಡಿದೆ. ಹಾಳೆ ಹಿಡಿಯೋದನ್ನು ಬಿಡಬೇಡಿ, ಮಸುಕು ಫಿಲ್ಮಿನಲ್ಲಿ ಯಾವುದು ಯಾವುದು ಅಂತ ಆಮೇಲೆ ಗೊತ್ತಾಗೋದಿಲ್ಲ. ಕ್ಯಾಮೆರಾ ಓಡುವಾಗ ಕಿವಿ ಕೊಟ್ಟು ಕೇಳಿ. ಒಂದೇ ಸಮನೆ ಸದ್ದು ಬಂದರೆ ಸರಿ, ಟಕಟಕ ಅಂದರೆ ರಂಧ್ರ ಹರಿಯುತ್ತಿದೆ ಅಂತ. ನಮ್ಮದು ಒಂದೇ ಸಮನೆ ಓಡಿತು. ಆ ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಓಡಿಬಂದರು. "ಇದೇ ಸದ್ದು ಕಣೇ, ಇದೇ" ಅಂದರು.

ಮುಂದಿನದು ಕೆಮಿಕಲ್ಲು. ನನ್ನ ಸಮಯವೆಲ್ಲ ಹೋದದ್ದು ಇಲ್ಲೇ.

ಮೊದಲಿಗೆ, ಹೇಗೆ ತೊಳೆಯಬೇಕು ಅನ್ನೋ ನಿರ್ಧಾರ. ಕೋಡಾಕ್ರೋಮ್ ರಿವರ್ಸಲ್ ಫಿಲ್ಮು, ಅಂದರೆ ನೇರವಾಗಿ ಪರದೆಯ ಮೇಲೆ ಬಿಡಬಹುದಾದ ಪಾಸಿಟಿವ್ ಕೊಡಬೇಕಾದದ್ದು. ಕಪ್ಪುಬಿಳುಪಿನಲ್ಲೂ ರಿವರ್ಸಲ್ ಮಾಡುವವರಿದ್ದಾರೆ. ಹಳೇ ಫಿಲ್ಮಿಗೆ ಅದು ಬೇಡ. ಬೆಳಕು ಬೀಳದ ಕಡೆಯೂ ಹಳೇ ಫಿಲ್ಮಿನಲ್ಲಿ ತನ್ನಷ್ಟಕ್ಕೇ ಒಂದು ಮಬ್ಬು ಹುಟ್ಟಿರುತ್ತದೆ. ಇದಕ್ಕೆ ಫಾಗ್ ಅನ್ನುತ್ತಾರೆ. ರಿವರ್ಸಲ್‌ನಲ್ಲಿ ಆ ಮಬ್ಬಿನಷ್ಟು ಬೆಳ್ಳಿ ಮೊದಲೇ ತೊಳೆದುಹೋಗುತ್ತದೆ. ಕಪ್ಪು ಇರಬೇಕಾದ ಕಡೆ ಕಪ್ಪೇ ಇರುವುದಿಲ್ಲ, ಚಿತ್ರ ನೀರುನೀರಾಗಿ ಬರುತ್ತದೆ. ನೆಗೆಟಿವ್ ಆಗಿ ತೊಳೆದರೆ ಮಬ್ಬು ಇದ್ದರೂ ಅದರ ಮೇಲೆ ಚಿತ್ರ ನಿಂತಿರುತ್ತದೆ. ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರ್‌ನಲ್ಲಿ ಮಬ್ಬನ್ನು ಕಳೆದು, ಪಾಸಿಟಿವ್ ಮಾಡಿಕೊಳ್ಳಬಹುದು. ಒಂದೇ ಒಂದು ಅವಕಾಶ ಇರುವಾಗ ನೆಗೆಟಿವ್ ದಾರಿಯೇ ಸರಿ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಡೆವಲಪರ್‌ಗೆ, ಅಂದರೆ ಫಿಲ್ಮಿನಲ್ಲಿ ಅಡಗಿರುವ ಚಿತ್ರವನ್ನು ಎಬ್ಬಿಸುವ ದ್ರಾವಣಕ್ಕೆ, ಎಚ್‌ಸಿ-110 ಆರಿಸಿಕೊಂಡೆ. ಮಬ್ಬು ಕಡಿಮೆ ಎಬ್ಬಿಸುತ್ತದೆ ಅಂತ ಹಳೇ ಫಿಲ್ಮು ತೊಳೆಯುವವರು ಇದನ್ನೇ ಮೆಚ್ಚುತ್ತಾರೆ. 1 ಭಾಗಕ್ಕೆ 31 ಭಾಗ ನೀರು. ಇದು ಸಿಗದಿದ್ದರೆ ಡಿ-76 ಮನೆಯಲ್ಲೇ ಕಲಸಬಹುದು: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಜೊತೆಗೆ ಮಬ್ಬನ್ನು ಹಿಡಿದಿಡಲು ಬೆಂಜೋಟ್ರಯಜೋಲ್ ಬೇಕು. ಇದನ್ನು ತರಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯಲ್ಲಿ ಯಾವ ಕಂಪನಿ, ಯಾವ ಕಾಲೇಜು, ಲೆಟರ್‌ಹೆಡ್ ಎಲ್ಲಿ ಅಂತ ಕೇಳಿದರು. ಮನೆಯಲ್ಲಿ ಫಿಲ್ಮ್ ತೊಳೆಯಲು ಅಂದರೆ ನಂಬಲೇ ಇಲ್ಲ. ಕೊನೆಗೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ಗೆಳತಿ ತನ್ನ ವಿಭಾಗದಿಂದ ಪತ್ರ ಕೊಡಿಸಿದಳು. ಬೇಕಾದದ್ದು ಚಿಟಿಕೆಯಷ್ಟು, ಕೊಳ್ಳಬೇಕಾದದ್ದು ಇಡೀ ಬಾಟಲಿ. ನೀವೂ ಇದೇ ದಾರಿ ಹಿಡಿಯುವುದಾದರೆ ಪತ್ರ, ಆಧಾರ್ ಪ್ರತಿ ಎರಡನ್ನೂ ಮೊದಲೇ ಸಿದ್ಧ ಮಾಡಿಕೊಂಡು ಹೋಗಿ.

ತೊಳೆಯುವ ತೊಟ್ಟಿಯದು ಇನ್ನೊಂದು ಕತೆ. ಹತ್ತು ಮೀಟರ್ ಫಿಲ್ಮನ್ನು ಒಂದಕ್ಕೊಂದು ಅಂಟದ ಹಾಗೆ ಸುತ್ತಿಡಲು ಸುರುಳಿ ಇರುವ ತೊಟ್ಟಿ ಬೇಕು. ಸೋವಿಯತ್ ಕಾಲದ ಲೋಮೋ ತೊಟ್ಟಿಗಳು ಇದಕ್ಕೇ ಹೆಸರಾದವು. ಪೂರ್ವ ಯುರೋಪಿನಿಂದ ಹಳೆಯದೊಂದನ್ನು ತರಿಸಿದೆ. ಪಾರ್ಸೆಲ್ ಭಾರತಕ್ಕೆ ಬಂದು ಕಸ್ಟಮ್ಸ್‌ನಲ್ಲಿ ಕೂತಿತು. ಪ್ಯಾನ್, ಆಧಾರ್, ಹಣ ಕೊಟ್ಟ ರಸೀದಿ ಕಳಿಸಿದೆ. ಆಮೇಲೆ 'ವಸ್ತು ಏನು, ಯಾವುದಕ್ಕೆ' ಅಂತ ಬರೆದುಕೊಡಿ ಅಂದರು. ಬರೆದುಕೊಟ್ಟೆ. ಚಿತ್ರ ಕೇಳಿದರು. ಕಳಿಸಿದೆ. ಮತ್ತೆ ವಾರಗಟ್ಟಲೆ ಮೌನ. ಅಮ್ಮ ದಿನಾ ಸಂಜೆ "ಬಂತಾ?" ಅಂತ ಕೇಳೋರು. ಸುಂಕ, ಸಾಗಣೆ ಎಲ್ಲ ಸೇರಿ ಹನ್ನೆರಡು ಸಾವಿರದ ಹತ್ತಿರ ಹೋಯಿತು. ಮಾರುವವರಿಗೆ ಮೊದಲೇ ಹೇಳಿ, ಪೆಟ್ಟಿಗೆಯ ಮೇಲೆ 'ಬಳಸಿದ ಫೋಟೋ ಸಲಕರಣೆ' ಅಂತ ಸ್ಪಷ್ಟವಾಗಿ, ಬೆಲೆ ಸಮೇತ ಬರೆಸಿ. ಒಳಗೊಂದು ಬಿಲ್ಲಿನ ಪ್ರತಿಯನ್ನೂ ಹಾಕಿಸಿ.

ತೊಟ್ಟಿ ಬರುವ ಮುಂಚೆಯೇ ಪ್ರಯೋಗದ ತುಂಡುಗಳನ್ನು ಬಚ್ಚಲುಮನೆಯಲ್ಲಿ ತೊಳೆಯಲು ಶುರುಮಾಡಿದ್ದೆ. ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲ ಸಂದಿಗೆ ಟವೆಲ್ಲು, ಮೂರು ಸ್ಟೀಲ್ ಬೋಗುಣಿ. ಈ ಫಿಲ್ಮಿಗೆ ಎಲ್ಲ ಬಣ್ಣದ ಬೆಳಕೂ ತಾಗುತ್ತದೆ, ಕೆಂಪು ದೀಪವೂ ಆಗದು. ಪೂರ್ತಿ ಕತ್ತಲೆಯೇ ಬೇಕು. ಒಂದೊಂದು ತುಂಡಿಗೂ ಸಮಯ ಬದಲಿಸಿದೆ, ಬೆಂಜೋಟ್ರಯಜೋಲ್ ಬದಲಿಸಿದೆ. ನಮ್ಮ ನಲ್ಲಿ ನೀರು ಬೇಸಿಗೆಯಲ್ಲಿ 27 ಡಿಗ್ರಿ ಇರುತ್ತದೆ. ಅಷ್ಟು ಬಿಸಿಯಲ್ಲಿ ಮಬ್ಬು ಜಾಸ್ತಿ. ಅಗಲ ಪಾತ್ರೆಯಲ್ಲಿ ಐಸ್ ಹಾಕಿ, ಅದರೊಳಗೆ ಡೆವಲಪರ್ ಇಟ್ಟು 20 ಡಿಗ್ರಿಗೆ ಇಳಿಸಿದಾಗ ವ್ಯತ್ಯಾಸ ಕಣ್ಣಿಗೇ ಕಂಡಿತು.

ತುಂಡುಗಳು ಹೇಳಿದ್ದು ಇಷ್ಟು. ಬಿಸಿಲಿನಲ್ಲಿ ಡಬ್ಬಿ ಹೇಳುವುದಕ್ಕಿಂತ ಎರಡು ಸ್ಟಾಪ್ ಜಾಸ್ತಿ, ಅಂದರೆ 6 ಎಎಸ್‌ಎ ಅಂತ ಲೆಕ್ಕ ಹಿಡಿದರೆ ಒಳ್ಳೆಯ ಚಿತ್ರ. 7 ನಿಮಿಷಕ್ಕಿಂತ ಜಾಸ್ತಿ ಬಿಟ್ಟರೆ ಚಿತ್ರಕ್ಕಿಂತ ಮಬ್ಬೇ ಬೆಳೆಯುತ್ತದೆ. ಬೆಂಜೋಟ್ರಯಜೋಲ್ ಶೇಕಡಾ 1ರ ದ್ರಾವಣ, ಲೀಟರಿಗೆ 10 ಮಿಲಿ ಹಾಕಿದರೆ ಮಬ್ಬು ಇಳಿಯುತ್ತದೆ. ಆದರೆ ಅದು ಚಿತ್ರವನ್ನೂ ಸ್ವಲ್ಪ ಹಿಡಿದಿಡುತ್ತದೆ. ಇಲ್ಲೇ ಒಂದು ಇಕ್ಕಟ್ಟು. ನಾವು ಹೊಸದಾಗಿ ತೆಗೆಯುವ ಬದಿಗೆ ಬೇಕಾದಷ್ಟು ಬೆಳಕು ಕೊಡಬಹುದು. ತಾತ 1972ರಲ್ಲಿ ಕೊಟ್ಟದ್ದು ಆಗಿನ 25 ಎಎಸ್‌ಎ ಲೆಕ್ಕದ ಬೆಳಕು. ಅದಕ್ಕೆ ಈಗ ಒಂದು ಹನಿಯನ್ನೂ ಸೇರಿಸಲು ಬರುವುದಿಲ್ಲ. ಮೇಲಾಗಿ ತೊಳೆಯದ ಚಿತ್ರ ವರ್ಷಗಳು ಕಳೆದಂತೆ ತಾನಾಗಿ ಕರಗುತ್ತಾ ಬರುತ್ತದೆ. ಎರಡೂ ಬದಿ ಒಂದೇ ತೊಟ್ಟಿಯಲ್ಲಿ, ಒಂದೇ ಸಲ ಬೇಯಬೇಕು. ಹೊಸದು ಕೆಟ್ಟರೆ ಕೆಡಲಿ, ತಾತನದು ಬರಲಿ ಅಂತ ನಿರ್ಧರಿಸಿ ಬೆಂಜೋಟ್ರಯಜೋಲ್ ಅರ್ಧಕ್ಕೆ ಇಳಿಸಿದೆ, ಸಮಯ 8 ನಿಮಿಷ ಮಾಡಿದೆ.

ಶ್ರೀರಂಗಪಟ್ಟಣಕ್ಕೆ ಹೋದದ್ದು ಮಳೆ ಬಿಟ್ಟ ಒಂದು ಭಾನುವಾರ. ಹೊರಡುವ ಹಿಂದಿನ ರಾತ್ರಿ ಚೀಲದೊಳಗೆ ತಾತನ ಫಿಲ್ಮನ್ನು ಕೈಯಿಂದ ಒಂದು ರೀಲಿನಿಂದ ಇನ್ನೊಂದಕ್ಕೆ, ಮತ್ತೆ ವಾಪಸ್, ನಿಧಾನವಾಗಿ ಸುತ್ತಿದೆ. ಐವತ್ತು ವರ್ಷ ಒಂದೇ ಸುರುಳಿಯಲ್ಲಿ ಕೂತ ಫಿಲ್ಮು ಸ್ವಲ್ಪ ಸಡಿಲವಾಗಲಿ ಅಂತ. ಜೋರಾಗಿ ಸುತ್ತಬಾರದು. ಒಣ ಫಿಲ್ಮು ಉಜ್ಜಿಕೊಂಡರೆ ಸಣ್ಣ ಕಿಡಿ ಹಾರಿ ಮಿಂಚಿನಂಥ ಗೆರೆ ಬೀಳುತ್ತದೆ. ಆಮೇಲೆ ಮಗುಚಿ ಕ್ಯಾಮೆರಾಕ್ಕೆ ಹಾಕಿದೆ.

ಏನು ತೆಗೆಯಬೇಕು ಅಂತ ಅಮ್ಮನೇ ಹೇಳಿದರು. ಕಾವೇರಿಯ ಸ್ನಾನಘಟ್ಟ, ರಂಗನಾಥಸ್ವಾಮಿ ಗುಡಿಯ ಮುಂದಿನ ಬೀದಿ, ಈಗ ಬೇರೆಯವರದಾದ ನಮ್ಮ ಮನೆಯ ಜಗಲಿ. ಆ ಮನೆಯವರು ಒಳಗೆ ಕರೆದು ಕಾಫಿ ಕೊಟ್ಟರು. ನನ್ನ ಮಗಳು ಜಗಲಿಯ ಮೇಲೆ ಕೂತಳು, ಅಮ್ಮ ಅವಳ ಜಡೆ ಹೆಣೆದರು, ನಾನು ತೆಗೆದೆ. ಪ್ರತಿ ಶಾಟ್‌ಗೂ ಮೊದಲು ಪೂರ್ತಿ ಕೀಲಿ ಕೊಟ್ಟೆ. ಫೋನಿನ ಲೈಟ್ ಮೀಟರ್ ಆ್ಯಪ್‌ನಲ್ಲಿ 6 ಎಎಸ್‌ಎ ಇಲ್ಲದಿದ್ದರೆ 25ಕ್ಕೆ ಇಟ್ಟು ಎರಡು ಸ್ಟಾಪ್ ತೆರೆದರೆ ಅಷ್ಟೇ ಆಗುತ್ತದೆ. ನೆರಳಿನಲ್ಲಿ ಎಫ್2.8ಕ್ಕೆ ಬಂದುಬಿಡುತ್ತೀರಿ, ಸಂಜೆ ನಾಲ್ಕರ ಮೇಲೆ ಸುಮ್ನೆ ಫಿಲ್ಮು ದಂಡ.

ತೊಳೆದ ರಾತ್ರಿ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ತೊಟ್ಟಿಯ ಸುರುಳಿ ಹನಿ ನೀರೂ ಇಲ್ಲದಂತೆ ಒಣಗಿರಬೇಕು, ಇಲ್ಲದಿದ್ದರೆ ಫಿಲ್ಮು ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಪ್ರಯೋಗದ ರೀಲಿನ ಉಳಿದ ಭಾಗದಲ್ಲಿ ಬೆಳಕಿನಲ್ಲಿ, ಆಮೇಲೆ ಕಣ್ಣುಮುಚ್ಚಿ, ಬೆರಳಿಗೆ ಗೊತ್ತಾಗುವ ತನಕ ಸುತ್ತಿ ಕಲಿತಿದ್ದೆ. ತೊಟ್ಟಿಗೆ ಎಷ್ಟು ನೀರು ಹಿಡಿಯುತ್ತದೆ ಅಂತಲೂ ಮೊದಲೇ ಅಳೆದಿಟ್ಟುಕೊಳ್ಳಿ.

ರೆಮ್‌ಜೆಟ್ ಸಡಿಲಿಸಲು ಕೊಡಾಕ್‌ನವರದೇ ಪಿಬಿ-2 ಅನ್ನೋ ದ್ರಾವಣ ಇದೆ. ಲೀಟರಿಗೆ ಬೋರಾಕ್ಸ್ 20 ಗ್ರಾಂ, ನೀರಿಲ್ಲದ ಸೋಡಿಯಂ ಸಲ್ಫೇಟ್ 100 ಗ್ರಾಂ, ಕಾಸ್ಟಿಕ್ ಸೋಡಾ 1 ಗ್ರಾಂ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಇದನ್ನು ಹುಯ್ದು, ಸ್ವಲ್ಪ ಹೊತ್ತು ಬಿಟ್ಟು, ಚೆಲ್ಲಿ, ನೀರು ತುಂಬಿ ಜೋರಾಗಿ ಅಲುಗಾಡಿಸಬೇಕು. ಹೊಸ ಫಿಲ್ಮಿನಲ್ಲಿ ಮಸಿ ಹೆಚ್ಚುಕಡಿಮೆ ಎಲ್ಲ ಬಿಟ್ಟುಕೊಳ್ಳುತ್ತದಂತೆ. ನಮ್ಮದರಲ್ಲಿ ಲೇಪ ವರ್ಷಗಳಿಂದ ಗಟ್ಟಿಯಾಗಿ ಕೂತಿತ್ತು. ನೀರು ಬೂದಿ ಬಣ್ಣಕ್ಕೆ ತಿರುಗಿತೇ ಹೊರತು ಕಪ್ಪಾಗಲಿಲ್ಲ. ಉಳಿದದ್ದನ್ನು ಕೊನೆಗೆ ಕೈಯಲ್ಲೇ ಒರೆಸಬೇಕು ಅಂತ ಆಗಲೇ ಗೊತ್ತಾಯಿತು. ಆಮೇಲೆ ಡೆವಲಪರ್ 8 ನಿಮಿಷ, ನೀರು, ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್, ಮತ್ತೆ ನೀರು.

ಮುಚ್ಚಳ ತೆಗೆದಾಗ ಕಂಡದ್ದು ಬರೀ ಗಾಢ ಕಂದು ಪಟ್ಟಿ. ಎದೆ ಧಸಕ್ಕೆಂದಿತು. ಆದರೆ ಇದು ನಿರೀಕ್ಷಿಸಬೇಕಾದದ್ದೇ. ಕೋಡಾಕ್ರೋಮ್‌ನ ಒಳಗೆ ಅತಿ ಸಣ್ಣ ಬೆಳ್ಳಿ ಕಣಗಳ ಒಂದು ಹಳದಿ ಪದರ ಇದೆ. ಬಣ್ಣದ ವಿಧಾನದಲ್ಲಿ ಬ್ಲೀಚ್ ಅದನ್ನು ತೆಗೆದುಹಾಕುತ್ತದೆ. ಕಪ್ಪುಬಿಳುಪಾಗಿ ತೊಳೆದರೆ ಅದು ಅಲ್ಲೇ ಉಳಿಯುತ್ತದೆ. ಆ ಗಾಬರಿಯಲ್ಲಿ ಫಿಲ್ಮ್ ಬಿಸಾಡುವವರಿದ್ದಾರಂತೆ. ಬಿಸಾಡಬೇಡಿ. ಬಟ್ಟೆ ಒಣಹಾಕುವ ಹಗ್ಗವನ್ನು ರೂಮಿನೊಳಗೇ ಕಟ್ಟಿ, ಫ್ಯಾನ್ ಆರಿಸಿ, ಹಿಂಬದಿಯ ಮಸಿಯನ್ನು ಒದ್ದೆ ಸ್ಪಂಜಿನಿಂದ ಅಡಿ ಅಡಿಯಾಗಿ ಒರೆಸಿದೆವು. ಚಿತ್ರವಿರುವ ಮುಂಬದಿಗೆ ಮಾತ್ರ ಸ್ಪಂಜು ತಾಗಿಸಲೇಬಾರದು. ಒರೆಸಿದ ಜಾಗಕ್ಕೆ ಮಗಳು ಟಾರ್ಚ್ ಹಿಡಿದಳು. ಒಂದು ಬದಿಯಲ್ಲಿ ನಮ್ಮ ಹೊಸ ಚಿತ್ರಗಳು ಸ್ಪಷ್ಟವಾಗಿದ್ದವು. ಇನ್ನೊಂದು ಬದಿಯಲ್ಲಿ, ಕಡಲೆಬೇಳೆಯಷ್ಟೂ ಇಲ್ಲದ ಫ್ರೇಮುಗಳಲ್ಲಿ, ಏನೋ ಇತ್ತು. ಯಾರೋ ನಿಂತಿದ್ದರು.

ತೊಳೆದ ಫಿಲ್ಮಿಗೆ ಎಕ್ಸ್‌ರೇಯ ಭಯವಿಲ್ಲ, ಕೊರಿಯರ್‌ನಲ್ಲಿ ಧೈರ್ಯವಾಗಿ ಕಳಿಸಬಹುದು. ಸ್ಕ್ಯಾನ್ ಮಾಡುವವರ ಜೊತೆ ಸ್ವಲ್ಪ ಎಳೆದಾಟ ಆಯಿತು. "8 ಎಂಎಂ ಅಂದರೆ ಸೀಳಿ ಕಳಿಸಿ, ಅಥವಾ ನಾವೇ ಸೀಳುತ್ತೇವೆ" ಅಂದರು. ನಾನು ಒಪ್ಪಲಿಲ್ಲ. ಸೀಳುವ ಬ್ಲೇಡು ಒಂದು ಕೂದಲೆಳೆ ಆಚೀಚೆ ಹೋದರೆ ಫ್ರೇಮೇ ಹೋಯಿತು. 16 ಎಂಎಂ ಅಂತಲೇ ಹಾಕಿ ಸ್ಕ್ಯಾನ್ ಮಾಡಿ ಅಂತ ಬರೆದು ಕಳಿಸಿದೆ. ಹಾಗೆ ಮಾಡಿದಾಗ ಒಂದು 16 ಎಂಎಂ ಚೌಕಟ್ಟಿನಲ್ಲಿ ನಾಲ್ಕು ಸಣ್ಣ ಫ್ರೇಮು ಕಾಣುತ್ತವೆ. ಒಂದು ಬದಿಯ ಎರಡು ನೆಟ್ಟಗೆ, ಇನ್ನೊಂದು ಬದಿಯ ಎರಡು ತಲೆಕೆಳಗು. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ನಾಲ್ಕನ್ನೂ ಬೇರೆ ಮಾಡಿ, ಅನುಕ್ರಮವಾಗಿ ಹೊಂದಿಸಬೇಕು. ಎರಡನೇ ಬದಿಯನ್ನು 180 ಡಿಗ್ರಿ ತಿರುಗಿಸಬೇಕು, ಕೊನೆಯಿಂದ ಮೊದಲಿಗೆ ಓಡಿಸಬೇಕು. ಸ್ಕ್ಯಾನ್ ಮಾತ್ರ ಬಣ್ಣದಲ್ಲೇ ಮಾಡಿಸಿ. ಹಳದಿ ಪದರ ನೀಲಿ ಬೆಳಕನ್ನು ತಡೆಯುತ್ತದೆ, ಕೆಂಪನ್ನು ಅಷ್ಟಾಗಿ ತಡೆಯೋದಿಲ್ಲ. ಕೆಂಪು ಚಾನೆಲ್ ಒಂದನ್ನೇ ಇಟ್ಟುಕೊಂಡು, ಪಾಸಿಟಿವ್ ಮಾಡಿ, ಕಾಂಟ್ರಾಸ್ಟ್ ಏರಿಸಿದಾಗ ಮಬ್ಬಿನೊಳಗಿಂದ ಮುಖಗಳು ಎದ್ದುಬಂದವು.

ಅಜ್ಜಿ. ಹಿತ್ತಲಿನ ಬಾವಿಯಿಂದ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ತಾತನ ಕಡೆ ನೋಡಿ, ಬೇಡ ಅಂತ ಕೈ ಆಡಿಸುತ್ತಾರೆ. ಎರಡು ಜಡೆಯ ಹುಡುಗಿ ಚೌಕಟ್ಟಿನೊಳಗೆ ಓಡಿಬಂದು ನಾಲಿಗೆ ಚಾಚುತ್ತಾಳೆ. ಅದು ಅಮ್ಮ, ಹನ್ನೆರಡು ವರ್ಷ. ಸ್ನಾನಘಟ್ಟದಲ್ಲಿ ಜನ. ತಾತ ಕ್ಯಾಮೆರಾ ತಿರುಗಿಸುವಾಗ ಮೆಟ್ಟಿಲ ಮೇಲೆ ಅವರ ಉದ್ದ ನೆರಳು. ಕಾಳು ಕಾಳಾಗಿದೆ, ಮಿಣುಕುತ್ತದೆ, ಕೆಲವು ಕಡೆ ಮಸಿಯ ಚುಕ್ಕಿ ಹಾಗೇ ಉಳಿದಿವೆ. ಆದರೂ ಅಜ್ಜಿಯ ನಡಿಗೆ ಗೊತ್ತಾಗುತ್ತದೆ. ಫೋಟೋದಲ್ಲಿ ನಡಿಗೆ ಇರಲಿಲ್ಲ.

"ನೋಡೇ, ಆ ಬಾವಿ ಕಟ್ಟೆ. ಅದನ್ನ ಮುಚ್ಚಿ ಎಷ್ಟು ವರ್ಷ ಆಯ್ತು. ನಾನು ಮರೆತೇಬಿಟ್ಟಿದ್ದೆ" ಅಂದರು ಅಮ್ಮ. ಮಾವನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆವು. ಅವರು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

ಖರ್ಚು ಒಟ್ಟಿಗೆ ಹೇಳಬೇಕೆಂದರೆ: ರಿಪೇರಿ ಮೂರೂವರೆ ಸಾವಿರ, ತೊಟ್ಟಿ ಹನ್ನೆರಡು, ಕೆಮಿಕಲ್ಲು ನಾಲ್ಕೂವರೆ, ಕಪ್ಪು ಚೀಲ ಒಂದೂವರೆ, ಕೊರಿಯರ್ ಸೇರಿ ಸ್ಕ್ಯಾನಿಂಗ್ ಆರು. 27 ಸಾವಿರದ ಮೇಲೆ ಸ್ವಲ್ಪ. ಬರೀ ತೊಳೆಯೋದಷ್ಟೇ ಬೇಕಿದ್ದು, ತೊಟ್ಟಿ ಎರವಲು ಸಿಕ್ಕರೆ ಅರ್ಧಕ್ಕಿಂತ ಕಡಿಮೆಯಲ್ಲಿ ಆಗುತ್ತದೆ. ನಿಮ್ಮ ರೀಲು ಕಪ್ಪುಬಿಳುಪಿನದಾದರೆ, ನಮ್ಮ ದೇಶಕ್ಕೆ ಆಗ ಪೂರ್ವ ಜರ್ಮನಿಯಿಂದ ಬರುತ್ತಿದ್ದ ಓರ್ವೋ ಥರದ್ದು, ರೆಮ್‌ಜೆಟ್ ಒರೆಸುವ ಕಷ್ಟವೂ ತಪ್ಪುತ್ತದೆ.

ಫಿಲ್ಮನ್ನು ಸೀಳದೆ ಹಾಗೇ ಸುತ್ತಿ, ಗಾಳಿಯಾಡುವ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇವೆ. ಸ್ಕ್ಯಾನ್ ಫೈಲಿನ ಒಂದು ಪ್ರತಿ ಮಾವನ ಹತ್ತಿರ, ಒಂದು ತಮ್ಮನ ಹತ್ತಿರ ಇದೆ. ಸ್ನಾನಘಟ್ಟದ ಶಾಟ್‌ನಲ್ಲಿ ಇಬ್ಬರ ಗುರುತು ಇನ್ನೂ ಸಿಕ್ಕಿಲ್ಲ, ಆ ಫ್ರೇಮುಗಳನ್ನು ಪ್ರಿಂಟ್ ಹಾಕಿಸಿ ಊರಿನ ಹಿರಿಯರಿಗೆ ತೋರಿಸುತ್ತಿದ್ದೇವೆ. ತೊಟ್ಟಿ ನಮ್ಮ ಮನೆಯಲ್ಲೇ ಇದೆ. ಮೈಸೂರು, ಮಂಡ್ಯ ಕಡೆಯಲ್ಲಿ ಯಾರ ಬೀರುವಿನಲ್ಲಾದರೂ ಇಂಥ ರೀಲು ಇದ್ದರೆ ತೊಟ್ಟಿ ಕೊಡುತ್ತೇನೆ, ಕತ್ತಲಲ್ಲಿ ಸುತ್ತೋದನ್ನು ಜೊತೆಗೆ ಕೂತು ಹೇಳಿಕೊಡುತ್ತೇನೆ. ಬೆಂಜೋಟ್ರಯಜೋಲ್ ಅಂತೂ ಒಂದು ಊರಿಗಾಗುವಷ್ಟಿದೆ, ಅದಕ್ಕೆ ನೀವು ಅಲೆಯಬೇಕಾಗಿಲ್ಲ.